ಪರ್ಸಿಯ ಮೇಲೆ ಮೂರು ಮರಿಗಳು

ಬೆಕ್ಕನ್ನು ನಾನು ಸಾಕಿದವನಲ್ಲ. ಕುರಕುಂಟಾದ ನನ್ನ ಬಾಡಿಗೆ ಮನೆಗೆ ಅದು ತಾನಾಗಿಯೇ ಬಂತು. ಹಳೆಯ ಉತ್ತರಪತ್ರಿಕೆ ತುಂಬಿಟ್ಟಿದ್ದ ಮರದ ಪೆಟ್ಟಿಗೆಯೊಳಗೆ ಮೂರು ಮರಿ ಹಾಕಿತು. ಮೂರನೇ ದಿನ ಹಿತ್ತಲ ಗೋಡೆಯಾಚೆ ಬೀದಿನಾಯಿಗಳು ಅದನ್ನು ಹರಿದುಹಾಕಿದವು. ಸುದ್ದಿ ತಂದವಳು ಪಕ್ಕದ ಮನೆಯ ಮುದುಕಿ, ನಾಲ್ಕು ಆಡು ಕಟ್ಟಿಕೊಂಡು ಒಬ್ಬಳೇ ಇದ್ದವಳು. ಹೇಳಿ ಹೋಗುವಾಗ ಪೆಟ್ಟಿಗೆಯೊಳಗೆ ಇಣುಕಿ, "ಇನ್ನ ಇವು ನಿಮ್ಮ ಕೊರಳಿಗಿ ಬಿದ್ದವು ನೋಡ್ರಿ ಮಾಸ್ತರ" ಅಂದಳು.

ಶಾಲೆಯ ಬೋರ್ಡಿನ ಮೇಲೆ ಇನ್ನೂ ಮೈಸೂರು ರಾಜ್ಯ ಎಂದೇ ಬರೆದಿದ್ದ ಕಾಲ. ಬೇಸಿಗೆ ರಜೆ ಬಿದ್ದಿತ್ತು. ನಿಜ ಹೇಳಬೇಕೆಂದರೆ ನಾನು ಆ ರಜೆಯಲ್ಲಿ ಕುರಕುಂಟಾದಲ್ಲಿ ಇರಲೇಬಾರದಿತ್ತು. ನನ್ನ ಹೆಂಡತಿ ಬಾಣಂತನಕ್ಕೆಂದು ಶಹಾಬಾದಿನ ತವರಿಗೆ ಹೋಗಿದ್ದಳು. ಗಂಡು ಕೂಸು ಹುಟ್ಟಿ, ಹನ್ನೊಂದು ದಿನ ಇದ್ದು, ನಾಳೆ ತೊಟ್ಟಿಲಿಗೆ ಹಾಕಬೇಕು ಅನ್ನುವಾಗ ಹೋಗಿಬಿಟ್ಟಿತು. ನಾನು ಹೋಗಿ, ಆಗಬೇಕಾದ್ದನ್ನು ಮುಗಿಸಿ, ಪರೀಕ್ಷೆಯ ನೆಪ ಹೇಳಿ ನಾಲ್ಕೇ ದಿನಕ್ಕೆ ವಾಪಸು ಬಂದಿದ್ದೆ. ಅವಳ ಎದುರು ಕುಳಿತು ಏನು ಮಾತಾಡಬೇಕೋ ನನಗೆ ತಿಳಿದಿರಲಿಲ್ಲ. ರಜೆ ಬಂದ ಮೇಲೂ ಹೋಗುವ ಧೈರ್ಯವಾಗಲಿಲ್ಲ. ಅವಳಾಗಿ ಬಂದರೆ ಸಾಕು ಅಂತ ಬೆಳಗಾದರೆ ಅದೊಂದನ್ನೇ ನೆನೆಯುತ್ತಿದ್ದೆ. ಬರುತ್ತಾಳೆ ಎಂಬ ನಂಬಿಕೆ ಮಾತ್ರ ದಿನದಿನಕ್ಕೆ ಕರಗುತ್ತಿತ್ತು.

ಹಾಗಿದ್ದ ಮನುಷ್ಯನಿಗೆ ಕಣ್ಣೂ ಬಿಡದ ಮೂರು ಮರಿಗಳು ಸಿಕ್ಕವು. ಮೊದಲು ನಾನು ಮಾಡಿದ್ದು ಒಂದು ಬಟ್ಟಲಲ್ಲಿ ಎಮ್ಮೆ ಹಾಲು ಹಾಕಿ ಅವುಗಳ ಮುಂದಿಟ್ಟದ್ದು. ಮೂರೂ ಆ ಹಾಲಿನೊಳಗೆ ಹೊರಳಾಡಿ ಚೀರಿದವು, ಒಂದೂ ಕುಡಿಯಲಿಲ್ಲ. ಆಮೇಲೆ ಪೆನ್ನಿಗೆ ಶಾಯಿ ತುಂಬುವ ಫಿಲ್ಲರು ನೆನಪಾಯಿತು. ಬಿಸಿನೀರಲ್ಲಿ ಮೂರು ಸಲ ತೊಳೆದೆ. ಆದರೂ ಮೊದಲು ಕುಡಿದ ಮರಿಯ ಬಾಯಿ ನೀಲಿಯಾಯಿತು. ಕೂಸಿಗೆ ಕುಡಿಸುವ ಹಾಗೆ ಅಂಗಾತ ಹಿಡಿದು ಕುಡಿಸಿದೆ, ಹಾಲು ಮೂಗಿನಿಂದ ಬಂತು. ಹತ್ತು ವರ್ಷದಿಂದ ಕಂಡವರ ಮಕ್ಕಳ ತಪ್ಪು ತಿದ್ದುತ್ತಿದ್ದ ನನ್ನನ್ನು ಮುದುಕಿ ಬಾಗಿಲಲ್ಲಿ ನಿಂತು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬೋರಲ ಹಿಡೀರಿ. ಅವು ಅವರವ್ವನ ಹೊಟ್ಟಿಗಿ ಹತ್ತಿ ಕುಡೀತಿದ್ದವು, ಗೊತ್ತಿಲ್ಲೇನು? ಎಮ್ಮಿ ಹಾಲು ಬ್ಯಾಡ, ಭಾಳ ಗಟ್ಟಿ. ನಮ್ಮ ಆಡಿನ ಹಾಲು ತಗೋರಿ."

ಕುಡಿಸಿದ ಮೇಲೆ ಒದ್ದೆ ಅರಿವೆಯಿಂದ ಅವುಗಳ ಬಾಲದ ಬುಡ ಒರೆಸಬೇಕು, ಇಲ್ಲದಿದ್ದರೆ ಉಚ್ಚೆ ಹೊಯ್ಯುವುದಿಲ್ಲ ಎಂದು ಕಲಿಸಿದವಳೂ ಅವಳೇ. "ತಾಯಿ ನೆಕ್ಕತಿತ್ತು. ಈಗ ನೀವೇ ತಾಯಿ, ಏನ್ ಮಾಡ್ತೀರಿ" ಅಂದಳು. ನಾನು ಜನಿವಾರವನ್ನು ಕಿವಿಗೆ ಸುತ್ತಿಕೊಂಡು ಆ ಕೆಲಸವನ್ನೂ ಮಾಡಿದೆ. ಎರಡು ತಾಸಿಗೊಮ್ಮೆ ಹಾಲು, ಒರೆಸುವುದು, ಮತ್ತೆ ಹಾಲು. ದಿನ ಹೇಗೆ ಹೋಗುತ್ತದೆ ಎಂಬುದೇ ತಿಳಿಯಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ತಪ್ಪು ನಡೆದದ್ದು ಒಂದು ವಾರದ ಮೇಲೆ. ನಮ್ಮ ಕಡೆಯ ಬಿಸಿಲು ಬಲ್ಲವರೇ ಬಲ್ಲರು. ವೈಶಾಖದಲ್ಲಿ ಹತ್ತು ಗಂಟೆ ದಾಟಿತೆಂದರೆ ಪರ್ಸಿ ಕಲ್ಲಿನ ನೆಲಕ್ಕೆ ಕೊಡ ನೀರು ಸುರಿದು, ಅರಿವೆಯಿಂದ ಎಳೆದು, ಬರಿ ಬೆನ್ನಲ್ಲಿ ಮಲಗುತ್ತೇವೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಯಾರಿಗೆ ತಲೆನೋವು ಬಂದರೂ ಮೊದಲು ತಣ್ಣನೆಯ ಪರ್ಸಿಯ ಮೇಲೆ ಮಲಗಿಸುವುದೇ. ಅದಕ್ಕಿಂತ ದೊಡ್ಡ ಸುಖ ನಮಗೆ ಗೊತ್ತಿಲ್ಲ. ಚಿಂದಿ, ಕಾಗದ ತುಂಬಿದ ಪೆಟ್ಟಿಗೆಯಲ್ಲಿ ಮರಿಗಳು ಬೇಯುತ್ತಿವೆ ಅನ್ನಿಸಿತು. ಎತ್ತಿ ತಂದು ಹಸಿ ಪರ್ಸಿಯ ಮೇಲೆ ತೆಳ್ಳನೆಯ ಪಂಚೆ ಹಾಸಿ ಮಲಗಿಸಿ, ಪಕ್ಕದಲ್ಲಿ ನಾನೂ ಮಲಗಿದೆ. ಸ್ವಲ್ಪ ಹೊತ್ತಿಗೆ ಚೀರುವುದು ನಿಂತಿತು. ಹಾಯಾಗಿ ನಿದ್ದೆ ಹೋದವು ಎಂದು ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಎದ್ದು ಫಿಲ್ಲರು ಹಿಡಿದರೆ ಒಂದು ಮರಿ ಬಾಯಿಯನ್ನೇ ಬಿಡಲಿಲ್ಲ. ಬಲವಂತವಾಗಿ ಕುಡಿಸಿದೆ. ಹಾಲು ಹೊರಗೇ ಸುರಿಯಿತು. ಗಾಬರಿಯಿಂದ ಮುದುಕಿಯನ್ನು ಕೂಗಿದೆ. ಅವಳು ಅದನ್ನೆತ್ತಿ ಕೊರಳಿಗೆ ಒತ್ತಿ ನೋಡಿ ನನ್ನ ಮೇಲೆ ಹರಿಹಾಯ್ದಳು.

"ಹಸದಿಲ್ಲರಿ ಇದು, ಥಂಡಿ ಆಗ್ಯದ! ಹಸಿ ಕೂಸಿಗಿ ಹಸಿ ಪರ್ಸಿ ಮ್ಯಾಲ ಹಾಕ್ತಾರೇನ್ರಿ? ನಿಮಗ ಸೆಕಿ ಆದ್ರ ಅದಕ್ಕೂ ಸೆಕಿ ಆಗ್ತದೇನು? ಹಾಲು ಹಿಂದಾಗಡಿ ಕುಡಸ್ರಿ, ಮೊದಲ ಬೆಚ್ಚಗ ಮಾಡ್ರಿ."

ಹೊರಗೆ ಕಾಗೆ ಕೂಡ ಕೂಗದಂಥ ಆ ಬಿಸಿಲಲ್ಲಿ ಕಂಬಳಿ ತೆಗೆದೆವು. ಬಾಟಲಿಗೆ ಬಿಸಿನೀರು ತುಂಬಿ ಅರಿವೆ ಸುತ್ತಿ ನಡುವೆ ಇಟ್ಟೆವು. ಎರಡು ಮರಿ ಸಂಜೆ ಹೊತ್ತಿಗೆ ಮತ್ತೆ ಚೀರಿದವು. ಮೂರನೆಯದನ್ನು ನಾನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡಿದ್ದೆ. ಅದು ಅಲ್ಲೇ ಸತ್ತಿತು. ನಾನು ಬಿಕ್ಕಿಬಿಕ್ಕಿ ಅತ್ತೆ. ಶಹಾಬಾದಿನಲ್ಲಿ ಅಳದೆ ಉಳಿದದ್ದೆಲ್ಲ ಆಗ ಬಂತು. ಮುದುಕಿ ಉಳಿದ ಎರಡನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಿದ್ದಳು.

ಗಂಡ ಹೆಂಡತಿಗೆ ನೇರವಾಗಿ ಕಾಗದ ಬರೆಯುವ ರೂಢಿ ನಮ್ಮ ಮನೆತನಗಳಲ್ಲಿ ಇರಲಿಲ್ಲ. ಬರೆದರೆ ಮಾವನಿಗೇ ಬರೆಯಬೇಕು. ಗುಡಿಯ ಪೂಜೆ ಮಾಡಿಕೊಂಡಿದ್ದ ನಮ್ಮ ಮಾವನವರು ಕಾರ್ಡು ಬಂದ ಕೂಡಲೇ ಪಡಸಾಲೆಯಲ್ಲಿ ಕುಳಿತು ಮನೆಮಂದಿಗೆಲ್ಲ ಕೇಳುವಂತೆ ಓದುತ್ತಿದ್ದರು. ನೀನಿಲ್ಲದೆ ನನಗೆ ಊಟ ಸೇರುತ್ತಿಲ್ಲ ಎಂದು ಅದರಲ್ಲಿ ಹೇಗೆ ಬರೆಯುವುದು? ಆದರೆ ಬೆಕ್ಕಿನ ಮರಿಗಳ ಉಚ್ಚೆಯ ಬಗ್ಗೆ ಅಳಿಯ ಮಾವನಿಗೆ ಬರೆಯಲು ಯಾರ ಅಡ್ಡಿಯೂ ಇಲ್ಲ. ಹಾಗಾಗಿ, ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರ ಎಂದು ಶುರುಮಾಡಿ ಮರಿಗಳ ವಿಷಯವನ್ನೇ ಬರೆದೆ. ಅವಳು ಒಳಗೆ ಕುಳಿತು ಕೇಳುತ್ತಾಳೆ ಎಂಬ ಆಸೆಯಿಂದ ಒಂದೊಂದು ಅಕ್ಷರವನ್ನೂ ಬರೆದೆ. ನಾನು ಪರ್ಸಿಯ ಮೇಲೆ ಮಲಗಿಸಿ ಒಂದನ್ನು ಕೊಂದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಮಾವನವರ ಉತ್ತರ ಬಂತು. ಮೂಕಪ್ರಾಣಿಗಳ ಋಣ ಎಂದು ನಾಲ್ಕು ಸಾಲು ಬರೆದಿದ್ದರು. ಅಂಚಿನಲ್ಲಿ ಅವಳ ಕೈಬರಹದಲ್ಲಿ ಒಂದೇ ಒಂದು ಸಾಲು ಇತ್ತು: ಸತ್ತದ್ದನ್ನು ಎಲ್ಲಿ ಹುಗಿದಿರಿ?

ಆ ಅಕ್ಷರ ನೋಡಿದ ಸಂತೋಷದಲ್ಲಿ ಪ್ರಶ್ನೆ ಏನೆಂದು ನಾನು ಯೋಚಿಸಲೇ ಇಲ್ಲ. ಬಚ್ಚಲ ಹಿಂದೆ ನುಗ್ಗೆಗಿಡದ ಬುಡಕ್ಕೆ, ನಾಯಿ ಕೆದರಬಾರದೆಂದು ಮೇಲೆ ಕಲ್ಲಿನ ತುಂಡು ಇಟ್ಟಿದ್ದೇನೆ ಎಂದು ಬರೆದು ಹಾಕಿದೆ. ಮರು ಉತ್ತರ ಬರಲಿಲ್ಲ. ಮರಿಗಳು ಮೊದಲ ಸಲ ತಡವರಿಸುತ್ತ ನಡೆದ ದಿನ ಇನ್ನೊಂದು ಕಾರ್ಡು ಬರೆದೆ. ಅದಕ್ಕೂ ಉತ್ತರವಿಲ್ಲ. ಟಪಾಲಿನವನು ಓಣಿಗೆ ಬರುವ ಹೊತ್ತಿಗೆ ದಿನವೂ ಬಾಗಿಲಲ್ಲಿ ನಿಂತಿರುತ್ತಿದ್ದೆ.

ಕೊನೆಗೆ ಕಾರ್ಡು ಬರಲಿಲ್ಲ, ಅವಳೇ ಬಂದಳು. ವಾಡಿಯಲ್ಲಿ ಗಾಡಿ ಬದಲಿಸಿ ಅಪ್ಪನ ಜೊತೆ ಮಧ್ಯಾಹ್ನ ಬಂದು ಇಳಿದಿದ್ದಳು. ಮಾವನವರು ನೀರು ಕುಡಿದು ಮುಂದಿನ ಗಾಡಿಗೇ ಹೊರಟುಹೋದರು. ಅವಳು ಬಹಳ ಬಡಕಲಾಗಿದ್ದಳು. ಮರಿಗಳನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡು, ಫಿಲ್ಲರು ಕಸಿದುಕೊಂಡು, "ಹಿಂಗ ಒತ್ತಿದ್ರ ಉಸುರು ಕಟ್ತದ್ರಿ" ಅಂದಳು. ನನಗೆ ಹಿಡಿಸಲಾರದಷ್ಟು ಖುಷಿ. ಹಾಲು ಕುಡಿಸಿ ಮುಗಿದ ಮೇಲೆ ಎದ್ದು, "ಎಲ್ಲಿ ಇಟ್ಟೀರಿ, ತೋರಸ್ರಿ" ಅಂದಳು.

ನುಗ್ಗೆಗಿಡದ ಹತ್ತಿರ ಕರೆದೊಯ್ದೆ. ಕುಕ್ಕರುಗಾಲಲ್ಲಿ ಕುಳಿತು ಆ ಕಲ್ಲನ್ನು ಮುಟ್ಟಿದಳು.

"ಬೆಕ್ಕಿನ ಮರಿ ಎಲ್ಲದ ಅಂತ ನನಗ ಕಾಗದ ಬರದ್ರಿ. ನನ್ನ ಕೂಸು ಎಲ್ಲದ ಅಂತ ಮಾತ್ರ ನನಗ ಯಾರೂ ಹೇಳಲಿಲ್ಲ ನೋಡ್ರಿ."

ಹಸುಗೂಸನ್ನು ಗಂಡಸರು ಒಯ್ದು ಹುಗಿದು ಬರುತ್ತಾರೆ, ಬಾಣಂತಿಗೆ ಏನೂ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಹಾಗೆಂದೇ ನಾನು ತಿಳಿದಿದ್ದೆ. ಕಾಗಿಣಾ ಹೊಳೆಯ ದಂಡೆಯ ಮೇಲೆ ಜಾಲಿಗಿಡದ ಕೆಳಗೆ ಎಂದೆ. "ಕರಕೊಂಡು ಹೋಗ್ರಿ" ಅಂದಳು.

ಮುಂದಿನ ವಾರ ಹೋದೆವು, ಮರಿಗಳನ್ನು ಮುದುಕಿಯ ವಶಕ್ಕೆ ಕೊಟ್ಟು. ದಂಡೆಯ ತುಂಬ ಜಾಲಿಯೇ. ಎಲ್ಲವೂ ಒಂದೇ ಥರ. ಅಂದು ಮಣ್ಣು ಎಳೆದ ಮೇಲೆ ಹಿರಿಯರು, ತಿರುಗಿ ನೋಡದೆ ನಡೆ ಅಂದಿದ್ದರು. ನಾನು ನೋಡಿರಲಿಲ್ಲ. ಗುರುತೂ ಇಟ್ಟಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎದುರಿಗಿದ್ದ ಒಂದು ಗಿಡಕ್ಕೆ ಕೈ ಮಾಡಿ, "ಇಲ್ಲೇ" ಅಂದೆ. ಅವಳು ಅಲ್ಲಿ ಕುಳಿತು ನೆಲವನ್ನು ಮೆಲ್ಲಗೆ ತಟ್ಟುತ್ತ ಬಹಳ ಹೊತ್ತು ಇದ್ದಳು. ನಾನು ನೀರಿನ ಕಡೆ ನೋಡುತ್ತ ನಿಂತಿದ್ದೆ.

ಮರಳಿ ಬರುವಾಗ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಅಂದಳು: "ನಿಮಗೂ ಜಾಗ ನೆನಪಿಲ್ಲ ಅಂತ ನನಗ ಗೊತ್ತಾತ್ರಿ. ಇರ್ಲಿ. ಎಲ್ಲ್ಯಾರ ಒಂದು ಕಡಿ ಕುಂಡ್ರಬೇಕಿತ್ತು ನನಗ."

ಎರಡು ಮರಿಗಳೂ ಬದುಕಿದವು, ನಮ್ಮಲ್ಲೇ ಬೆಳೆದವು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ತವರಿಗೆ ಹೋದಾಗಲೆಲ್ಲ ಅವಳು ಆ ಜಾಲಿಯ ಕೆಳಗೆ ಹೋಗಿ ಕುಳಿತು ಬರುತ್ತಿದ್ದಳು. ಅವಳು ಹೋಗಿ ಈಗ ಬಹಳ ವರ್ಷವಾಯಿತು. ಶಾಸ್ತ್ರದ ಪ್ರಕಾರ ಅಸ್ಥಿಯನ್ನು ಹೊಳೆಗೆ ಬಿಟ್ಟೆ, ಹರಿದುಹೋಯಿತು. ಅವಳು ತೀರಾ ಬೇಕೆನಿಸಿದ ದಿನ ಶಹಾಬಾದಿನ ಗಾಡಿ ಹಿಡಿದು, ಆ ಸುಳ್ಳು ಗಿಡದ ಬುಡಕ್ಕೇ ಹೋಗಿ ಕೂರುತ್ತೇನೆ.