ಗೋಡೆ ತಟ್ಟಿ ಕೇಳುವ ಜಡೇಸ್ವಾಮಿ

ಬೆಳಗಿನ ಐದು ಗಂಟೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಯಾವ ಬಾಗಿಲೂ ತೆರೆದಿಲ್ಲ. ತಗಡಿನ ಶೆಡ್ಡೊಂದರಲ್ಲಿ ಮಾತ್ರ ನೀಲಿ ಬೆಳಕು ಹೊತ್ತಿ ಹೊತ್ತಿ ಆರುತ್ತಿದೆ. ಅಕ್ಕಿ ಗಿರಣಿಗಳು ಶುರುವಾದರೆ ಕರೆಂಟಿಗೆ ಬಲವಿರುವುದಿಲ್ಲ, ವೆಲ್ಡಿಂಗ್ ಹಿಡಿಯುವುದಿಲ್ಲ. ಹಾಗಾಗಿ ಜಡೇಸ್ವಾಮಿಯವರ ದಿನ ಇಷ್ಟು ಬೇಗ ಶುರುವಾಗುತ್ತದೆ. ಅವರು ಮಾಡುತ್ತಿರುವುದು ಟಿ.ವಿ. ಸ್ಟ್ಯಾಂಡು, ಗೋಡೆಗೆ ಬಿಗಿದು ಟಿ.ವಿ. ಕೂರಿಸುವ ಕಬ್ಬಿಣದ ಚೌಕಟ್ಟು. ಇವತ್ತಿನದಕ್ಕೆ ಮಾತ್ರ ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಮಾಡಿದ ಎರಡು ಅರ್ಧ ಬಳೆಗಳಿವೆ.

ಕಣ್ಣು ಕೆಂಪಗಿದೆ. ಬೆಂಕಿಯ ಬೆಳಕು ನೋಡಿ ನೋಡಿ ರಾತ್ರಿಯೆಲ್ಲ ಉರಿ. "ಮನಗೋ ಮುಂಚ ಆಲೂಗಡ್ಡ ಕುಯ್ದು ರೆಪ್ಪ ಮ್ಯಾಲ ಇಡ್ತೀನಿ. ಅರ್ಧ ಸಾರ್ಗ, ಅರ್ಧ ಈವಯ್ಯನ ಕಣ್ಗ" ಎನ್ನುತ್ತಾರೆ ಹೆಂಡತಿ ಶಿವರತ್ನಮ್ಮ, ಟೀ ಲೋಟ ಇಡುತ್ತಾ. ಗಂಡ ನಗುವುದಿಲ್ಲ. ನಗುವುದಕ್ಕೂ ಸುಸ್ತು.

ಕಿಟಕಿಗೆ ಸರಳು ಕೂರಿಸುತ್ತಿದ್ದವರು ಮೊದಲ ಸ್ಟ್ಯಾಂಡು ಮಾಡಿದ್ದು ಎಂಬತ್ತೇಳರಲ್ಲಿ, ಹನೂರಿನ ಒಂದು ಹೋಟೆಲಿಗೆ. ಆಗ ಊರಿಗೊಂದು ಟಿ.ವಿ. ಈಗ ಬೀದಿ ಬೀದಿಗೂ ಕಲರ್ ಬಂದಿದೆ. ವಾರಕ್ಕೆ ನಾಲ್ಕೈದು ಸ್ಟ್ಯಾಂಡು ಹೋಗುತ್ತವೆ. "ಜನ ಟಿ.ವಿ. ಅಳತ ತತ್ತಾರ ಸಾ. ಗೋಡ ಎಂತದು ಅಂತ ಒಬ್ರೂ ಯೋಳಕ್ಕಿಲ್ಲ. ತೂಕ ಎಲ್ಲ ಮುಂದ್ಗಡ ಗಾಜ್ನಲ್ಲಿರ್ತದ. ಅದು ಮುಂದಕ್ಕ ಎಳೀತನೇ ಇರ್ತದ, ಅಗ್ಲೂ ರಾತ್ರಿನೂ."

ಆದ್ದರಿಂದ ಅವರು ಮೊದಲು ಹೋಗಿ ಗೋಡೆ ನೋಡುತ್ತಾರೆ. ನೋಡುವುದಲ್ಲ, ಕೇಳುತ್ತಾರೆ. ಗೆಣ್ಣಿನಿಂದ ತಟ್ಟಿ, ಕೆನ್ನೆಯನ್ನು ಗೋಡೆಗೆ ಹಚ್ಚಿ, ಪದ ಕೇಳುವವರಂತೆ ಕಣ್ಣು ಮುಚ್ಚುತ್ತಾರೆ.

ಮೊನ್ನೆ ಯಳಂದೂರು ತಾಲ್ಲೂಕಿನ ಅಗರದಲ್ಲಿ ಹೀಗೇ ತಟ್ಟಿದ್ದಾರೆ. ಅದು ಸುವರ್ಣಮ್ಮನವರ ಮನೆ. ಒಳಗೆಲ್ಲ ರೇಷ್ಮೆ ಹುಳುವಿನ ತಟ್ಟೆಗಳು, ನೆಲದಲ್ಲಿ ಟಿ.ವಿ. ಇಡಲು ಜಾಗವಿಲ್ಲ. ಮಾವ ದೊಡ್ಡಸಿದ್ದಯ್ಯನವರು ಲಕ್ವ ಹೊಡೆದು ಮಂಚ ಹಿಡಿದಿದ್ದಾರೆ; ಬಲಗಾಲು ಮಾತ್ರ ಆಡುತ್ತದೆ. ಮಲಗಿದಲ್ಲೇ ಕಾಣುವಂತೆ ಕಾಲ ಕಡೆಯ ಗೋಡೆಗೆ ಟಿ.ವಿ. ಹಾಕಿಸಬೇಕೆಂದು ಸೊಸೆಯ ಆಸೆ.

"ಸಿಮೆಂಟ್ ಗೋಡ ಕಣಣ್ಣ. ಓದ್ ವರ್ಸ ಗಿಲಾವು ಮಾಡ್ಸಿದ್ದು."

"ಮಣ್ಣಿನ ಗೋಡ್ಗ ಸಿಮೆಂಟ್ ಸೀರ ಉಡ್ಸಿದ್ದೀರ ಕಣವ್ವ."

"ಊರೆಲ್ಲ ಗೋಡ್ಗೇ ಒಡೀತಾವ್ರ. ನಿಂಗೊಬ್ಬಂಗೇ ಭಯ!"

"ಬಿದ್ರ ಮಾವಯ್ಯನ ಕಾಲ್ ಮ್ಯಾಲ. ಅವ್ರು ಎದ್ದು ಓಡಾರಾ?"

ಲೊಕ್ಕನಹಳ್ಳಿ ಕಡೆ ಯಾರೋ ಹಾಕಿದ ಸ್ಟ್ಯಾಂಡು ಗೋಡೆಯ ಹೆಂಟೆ ಸಮೇತ ಹಾಸಿಗೆಯ ಮೇಲೆ ಬಿದ್ದದ್ದನ್ನು ಅವರು ಕಂಡವರು. ಆ ಹೊತ್ತಿಗೆ ಹಾಸಿಗೆಯಲ್ಲಿ ಯಾರೂ ಇರಲಿಲ್ಲ. ಇಲ್ಲಿ ಯಾವಾಗಲೂ ಒಬ್ಬರಿರುತ್ತಾರೆ.

ಮಂಚದ ಕಾಲ ಕಡೆಯಲ್ಲೇ ನಡುಗಂಬವಿದೆ, ಬೀಟೆ ಮರದ್ದು. ಅದಕ್ಕೆ ಮೊಳೆ ಹೊಡೆದರೆ ಆಯಿತು. ಆದರೆ ಆ ಕಂಬಕ್ಕೆ ಸೋಮವಾರ ಸೋಮವಾರ ಮಾದಪ್ಪನ ಹೆಸರಿನಲ್ಲಿ ವಿಭೂತಿ ಏರುತ್ತದೆ. ಈ ಮನೆಗೆ ಬಂದ ಸೊಸೆಯರೆಲ್ಲ ಮೊದಲು ಕೈಮುಗಿದದ್ದು ಅದಕ್ಕೇ. ಸುವರ್ಣಮ್ಮ ಬಾಯಿ ತೆರೆಯುವ ಮೊದಲೇ ಮಂಚದಿಂದ ತೊದಲು ಮಾತು ಬಂದಿದೆ: "ಮೊಳ... ಬ್ಯಾಡ."

"ತೂತೂ ಇಲ್ಲ, ಮೊಳೆನೂ ಇಲ್ಲ, ತಬ್ಕೊಳೋ ಅಂಗ ಮಾಡ್ತೀನಿ ಬುಡಯ್ಯ" ಎಂದು ಹೇಳಿ ಬಂದಿದ್ದಾರೆ ಜಡೇಸ್ವಾಮಿ. ಇವತ್ತಿನ ಅರ್ಧ ಬಳೆಗಳು ಅದಕ್ಕಾಗಿ.

ಕಬ್ಬಿಣವನ್ನು ಬಸ್ಸಿನ ಟಾಪಿಗೆ ಏರಿಸಿ ಅಗರ ತಲುಪುವಾಗಲೇ ಹೆಗಲು ಸೋತಿದೆ. ಸುವರ್ಣಮ್ಮ ಕಂಬಕ್ಕೆ ಪೂಜೆಗೆ ಉಡುವ ಹಳೆಯ ಮಗುಟ ಸುತ್ತುತ್ತಾರೆ. ಅದರ ಮೇಲೆ ಸೈಕಲ್ ಟ್ಯೂಬು, ಅದರ ಮೇಲೆ ಬಳೆಗಳು. ಜಡೇಸ್ವಾಮಿ ನಟ್ಟುಗಳನ್ನು ಒಂದೊಂದಾಗಿ ಬಿಗಿಯುತ್ತಾರೆ. ಆಮೇಲೆ ಅವರು ಎಲ್ಲ ಕಡೆಯೂ ಮಾಡುವ ಪರೀಕ್ಷೆ: ಎರಡೂ ಕಾಲೆತ್ತಿ ಸ್ಟ್ಯಾಂಡಿಗೆ ಜೋತು ಬೀಳುತ್ತಾರೆ.

"ಏನ್ ಜಡೇಸಾಮಣ್ಣ, ಬಾವಲಿ ಆಗೋದಿಯಾ?"

"ಟಿ.ವಿ.ಗಿಂತ ನಾನೇ ತೂಕ ಕಣವ್ವ. ನನ್ನ ಹೊತ್ರ ಅದ್ನೂ ಹೊರ್ತದ."

ಟಿ.ವಿ. ಏರುತ್ತದೆ, ಚಿತ್ರ ಬರುತ್ತದೆ. ಸೊಸೆಯ ಮುಖ ಅರಳುತ್ತದೆ. ದೊಡ್ಡಸಿದ್ದಯ್ಯ ಚಿತ್ರ ನೋಡುತ್ತಿಲ್ಲ, ಸ್ಟ್ಯಾಂಡು ನೋಡುತ್ತಿದ್ದಾರೆ. ಆಡುವ ಆ ಒಂದು ಕಾಲನ್ನು ಮೆಲ್ಲಗೆ ಮಡಚಿ ಹೊಟ್ಟೆಯ ಕಡೆಗೆ ಎಳೆದುಕೊಂಡಿದ್ದಾರೆ. ಇನ್ನೊಂದು ಕಾಲು ಇದ್ದಲ್ಲೇ ಇದೆ.

"ಒಳಕ್ಕ ಬಾ ಅಣ್ಣ, ಮುದ್ದ ಆರೋಯ್ತದ" ಎಂದು ಸುವರ್ಣಮ್ಮ ಕರೆಯುತ್ತಾರೆ.

ಜಡೇಸ್ವಾಮಿಯವರ ಕಣ್ಣು ಆ ಮಡಚಿದ ಕಾಲಿನ ಮೇಲಿದೆ. ಟಿ.ವಿ.ಯ ನೇರ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. "ಇಲ್ಗೇ ತತ್ತಾ ಕಣವ್ವ."

ತಟ್ಟೆ ಬರುತ್ತದೆ. ತಟ್ಟೆಯ ಮೇಲೆಯೇ ಕಣ್ಣಿಟ್ಟು ನಿಧಾನಕ್ಕೆ ಉಣ್ಣುತ್ತಾರೆ. ಮುದ್ದೆ ಮುಗಿದರೂ ಮಂಚದ ಮೇಲಿನ ಕಾಲು ಮಡಚಿಕೊಂಡೇ ಇದೆ. ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸಿನ ಹಾರನ್ನು ಕೇಳುತ್ತದೆ.

"ಬಸ್ಸು ಓಯ್ತದಲ್ಲಣ್ಣ!"

"ಓದ್ರ ಓಗ್ಲಿ. ಇನ್ನೊಂದ್ ಮುದ್ದ ಇಕ್ಕವ್ವ."

ಎರಡನೆಯದು ಅರ್ಧವಾಗುವ ಹೊತ್ತಿಗೆ ಎದುರಿನ ಹಗ್ಗದ ಮಂಚ ಕಿರುಗುಟ್ಟುತ್ತದೆ. ಜಡೇಸ್ವಾಮಿ ತಟ್ಟೆಯಿಂದ ತಲೆ ಎತ್ತುತ್ತಾರೆ. ದೊಡ್ಡಸಿದ್ದಯ್ಯ ಕಾಲು ಚಾಚಿ, ಟಿ.ವಿ. ನೋಡುತ್ತಿದ್ದಾರೆ.

"ಇನ್ ಓಯ್ತೀನಿ ಕಣಯ್ಯ" ಎಂದು ಹೇಳಿ, ಜಡೇಸ್ವಾಮಿ ಕೈತೊಳೆಯಲು ಏಳುತ್ತಾರೆ.