ಸೊಸೆಗೆ ಹುರಿದ ಶೇಂಗಾ

ಶೇಂಗಾ ಹುರಿದ್ರೆ ಇಂಟರ್‌ನೆಟ್ ನಿಲ್ತೈತೆ ಅಂದ್ರೆ ನಂಬ್ತೀರಾ?

ಹದಿನೈದು ವರ್ಷದ ಹಿಂದೆ ಚಳ್ಳಕೆರೆ ಮನೆಗೆ ವೈಫೈ ಹೊಸದಾಗಿ ಬಂದಿತ್ತು. ಧೂಳು ಕೂರಬಾರ್ದು ಅಂತ ಅದರ ಡಬ್ಬಿನ ಮೈಕ್ರೋವೇವ್ ಮ್ಯಾಲಿಟ್ಟು ಬಟ್ಟೆ ಹೊದಿಸಿದ್ದೆ. ಸೊಸೆ ಗಿರಿಜಾ, ಮೊಳಕಾಲ್ಮೂರಲ್ಲಿ ಅವರಪ್ಪ ನೇಯ್ದ ಹೊಸ ಸೀರೆ ಫೋಟೋನ ಅಂಗಡಿಯೋರಿಗೆ ಕಳಿಸ್ತಿದ್ಲು. ಮಧ್ಯಾಹ್ನದೊಳಗೆ ಮುಟ್ಟದಿದ್ರೆ ಆರ್ಡರು ಬೇರೆಯೋರ ಪಾಲು. ಬಾಯಾಡಿಸಲಿ ಅಂತ ನಾನು ಮೈಕ್ರೋವೇವ್‌ನಾಗೆ ಶೇಂಗಾ ಇಟ್ಟೆ. ಫೋಟೋ ಹೋಗೋದು ಅರ್ಧಕ್ಕೇ ನಿಂತೋತು. ಅವಳ ಕಣ್ಣಾಗೆ ನೀರು ನೋಡಿ, ಸಮಾಧಾನಕ್ಕೆ ಇನ್ನೊಂದು ಹಿಡಿ ಇಟ್ಟೆ. ಮತ್ತೆ ನಿಂತೋತು!

ಮೂರನೇ ಸಲ ಇಟ್ಟಾಗ ಅವಳೇ ಓಡಿಬಂದು ಮೈಕ್ರೋವೇವ್ ಸ್ವಿಚ್ ಆರಿಸಿದ್ಲು. ಫೋಟೋ ಸರಕ್ಕನೆ ಹೋತು. ಮೈಕ್ರೋವೇವ್ ಓಡ್ವಾಗ ವೈಫೈಗೆ ಅಡ್ಡಿ ಆಗ್ತೈತಂತೆ.

“ನಿನ್ ಮ್ಯಾಲಿನ ಪ್ರೀತಿಗೆ ಹುರಿದೆ ಕಣವ್ವಾ,” ಅಂದೆ.

“ಆ ಪ್ರೀತಿನ ಗ್ಯಾಸ್ ಒಲೆ ಮ್ಯಾಲೆ ತೋರ್ಸ್ರಿ ಅತ್ತೆ, ನಮ್ಮಪ್ಪನ ಮಗ್ಗ ನಡೀಲಿ!”