ರೊಟ್ಟಿ ತಿಂದು ಬರೆದ ಸುದ್ದಿ

ನಮ್ಮ ಕಾಲೇಜು ಪತ್ರಿಕೆಯ ಹೊಸ ಸಂಚಿಕೆ ಇವತ್ತು ಪ್ರೆಸ್ಸಿನಿಂದ ಬಂತು. ಕಟ್ಟು ಬಿಚ್ಚಿದರೆ ಹಸಿ ಮಸಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತದೆ. ಹುಡುಗರು ತಮ್ಮ ತಮ್ಮ ಹೆಸರು ಹುಡುಕಲು ಮುಗಿಬಿದ್ದರು. ನಾನು ಅವರ ಮೇಷ್ಟ್ರು, ಆದ್ದರಿಂದ ಗಂಭೀರವಾಗಿ ಕೂತಿದ್ದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಆ ವಾಸನೆ ಬಂದರೆ ಇಂದಿಗೂ ನನಗೆ ಒಂದು ರೊಟ್ಟಿ ನೆನಪಾಗುತ್ತದೆ.

ಆಂಧ್ರದ ಗಡಿಯ ಇದೇ ಆದೋನಿಯಲ್ಲಿ, ಇದೇ ನಾಲ್ಕು ಪುಟದ ಪತ್ರಿಕೆಗೆ ನಾನೂ ಒಮ್ಮೆ ವಿದ್ಯಾರ್ಥಿ ವರದಿಗಾರನಾಗಿದ್ದೆ. ಪತ್ರಿಕೆ ತೆಲುಗಿನದು, ಮನೆಯ ಮಾತು ಕನ್ನಡ, ತಲೆಯೊಳಗೆ ಎರಡೂ ಸೇರಿ ಚಿತ್ರಾನ್ನ. ಕೊರಳಿಗೆ ಗುರುತಿನ ಕಾರ್ಡು ಬಿದ್ದ ದಿನ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅಂತ ಮಾತ್ರ ಕೇಳಬೇಡಿ. "ಕ್ಲಾಸಿನಾಗ ಕುಂತ್ರೆ ಸುದ್ದಿ ಬರಂಗಿಲ್ಲ, ಹೋಗು" ಎಂದು ಆಗಿನ ನಮ್ಮ ಮೇಷ್ಟ್ರು ಅಟ್ಟಿದರು. ಹತ್ತಿರದ ಕೋಸಗಿ ರೈಲು ಸ್ಟೇಷನ್ನಿಗೆ ಹೋದೆ.

ಪ್ಲಾಟ್‌ಫಾರಮ್ಮಿನ ತುಂಬ ಗಂಟುಮೂಟೆ, ಕೊಡ, ಮಕ್ಕಳು. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೊರಟ ಜನ. ನನ್ನ ಪ್ರಶ್ನೆಗೆ ಯಾರೂ ಬಾಯಿ ಬಿಡಲಿಲ್ಲ. ಒಬ್ಬಾತನಂತೂ ಕಾರ್ಡು ನೋಡಿ ಗಾಬರಿಯಿಂದ ಟಿಕೆಟ್ಟು ತೆಗೆದು ತೋರಿಸಿದ! ನಾಚಿಕೆಯಾಗಿ ಕಾರ್ಡನ್ನು ಜೇಬಿಗೆ ತುರುಕಿದೆ. ಕೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳ ಪಕ್ಕ ಕೂತು, "ಅಕ್ಕಾ, ಯಾವೂರು?" ಎಂದೆ. ನಮ್ಮ ಕಡೆ ಅಕ್ಕಾ ಅಂದರೆ ಮುಗಿಯಿತು, ಪರಿಚಯಪತ್ರ ಬೇಕಿಲ್ಲ.

ಅವಳ ಹೆಸರು ಈರಮ್ಮ. "ಮಾರಿ ನೋಡಿದ್ರೆ ಉಂಡಂಗ ಕಾಣಂಗಿಲ್ಲ. ಗಂಗೀ, ಮಾವಗ ರೊಟ್ಟಿ ಕೊಡು" ಎಂದಳು. ಅವಳ ಮಗಳು, ಐದನೆಯ ತರಗತಿಯ ಗಂಗಿ, ಪುಂಡಿಪಲ್ಯ ಹಚ್ಚಿದ ರೊಟ್ಟಿ ಕೊಟ್ಟಳು. ಹೀಗೆ ಒಂದು ನಿಮಿಷದಲ್ಲಿ ನಾನು ಮಾವನಾದೆ. ರೊಟ್ಟಿ ಮುಗಿಯುವಷ್ಟರಲ್ಲಿ ಈರಮ್ಮ ಎಲ್ಲ ಹೇಳಿದಳು.

"ಈಕಿನ್ನ ಅಜ್ಜಿ ಮನ್ಯಾಗ ಬಿಡ್ತೀನಿ, ಶಾಲಿ ತಪ್ಪಂಗಿಲ್ಲಂತ ಹೆಡ್‌ಮಾಸ್ಟ್ರಿಗೆ ಸುಳ್ಳು ಹೇಳೀನಪ್ಪ. ಏಂ ಚೇಸ್ತಾಂ, ಏನ್ ಮಾಡೂದು? ನಾ ಕೆಲ್ಸಕ್ಕ ಹೋದ್ರೆ ಸಣ್ಣವನ್ನ ಯಾರು ನೋಡಬೇಕು?"

ಅಕ್ಕನಿಗೆ ತಲೆಯಾಡಿಸಿದೆ. ಆದೋನಿಗೆ ಬಂದು ಊರು ಹೆಸರು ಸಮೇತ ಎಲ್ಲ ಬರೆದುಬಿಟ್ಟೆ. ಮೊದಲ ಪುಟದಲ್ಲಿ ಬಂತು. ಪತ್ರಿಕೆ ಯಾರದೋ ಕೈಯಿಂದ ಶಿಕ್ಷಣ ಇಲಾಖೆಯವರ ಕೈ ಸೇರಿ, ಅವರು ಗುಂಟೂರು ಕಡೆಯ ಹೊಲದಿಂದಲೇ ಗಂಗಿಯನ್ನು ಕರೆತಂದು ಹಾಸ್ಟೆಲ್ಲಿಗೆ ಹಾಕಿದರು. ಕಾಲೇಜಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನು ನೆಲದಿಂದ ಎರಡಂಗುಲ ಮೇಲೇ ನಡೆಯುತ್ತಿದ್ದೆ.

ಬೇಸಿಗೆಗೆ ಈರಮ್ಮ ಕಾಲೇಜಿನ ಗೇಟಿಗೆ ಬಂದಳು. ಬಗಲಲ್ಲಿ ಕೂಸು, ಸೊರಗಿ ಕಣ್ಣಷ್ಟೇ ಉಳಿದಿತ್ತು.

"ಅಕ್ಕಾ ಅಂದಿ, ರೊಟ್ಟಿ ತಿಂದಿ. ಬರೀತೀನಂತ ಒಂದ್ ಮಾತು ಹೇಳಬಾರದಿತ್ತೇನು? ಗಂಗಿ ಹೋದ ಮ್ಯಾಲೆ ಇವನ್ನ ಬೇವಿನ ಗಿಡಕ್ಕ ಜೋಲಿ ಕಟ್ಟಿ ಮಲಗಿಸ್ತಿದ್ದೆ. ಆಕಿನ್ನ ನೆನಸಿ ಅತ್ತೂ ಅತ್ತೂ ಹಿಂಗಾಗ್ಯಾನ."

"ತಪ್ಪಾತಕ್ಕಾ" ಎಂದೆ.

"ಹಂಗಂತ ತಪ್ಪು ಅನ್ನಾಕೂ ಬರವಲ್ದು. ಹುಡುಗಿ ಚಂದ ಓದಾಕತ್ಯಾಳ. ನಿನಗ ಬಾಯ್ತುಂಬ ಬೈದು ಹೋಗಾಣಂತ ಬಂದೆ. ಬೈಯಾಕೂ ಆಗವಲ್ದು ನೋಡು."

ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. ಆಕೆ ಹೊರಟುಹೋದಳು. ನಾನು ಮಾಡಿದ್ದು ಉಪಕಾರವೋ ಅನ್ಯಾಯವೋ? ಒಂದು ದಿನ ಹೀಗನ್ನಿಸುತ್ತದೆ, ಮರುದಿನ ಹಾಗೆ. ಆದರೂ ಇಷ್ಟು ವರ್ಷ, ಎಲ್ಲ ತಿಳಿದವನ ಮುಖ ಹೊತ್ತು ಮಕ್ಕಳಿಗೆ ವರದಿಗಾರಿಕೆ ಕಲಿಸುತ್ತಿದ್ದೇನೆ. ಧೈರ್ಯ ಮೆಚ್ಚಬೇಕು!

ಇವತ್ತು ಹುಡುಗರೆಲ್ಲ ಹೋದ ಮೇಲೆ ದೇವನಕೊಂಡದ ಕವಿತಾ ಮಾತ್ರ ಉಳಿದಳು. ಮುಂದಿನ ಸಂಚಿಕೆಗೆ ಬರೆದ ವರದಿ ಮೇಜಿನ ಮೇಲಿಟ್ಟಳು. ತನ್ನ ಊರಿನ ಹೆಂಗಸೊಬ್ಬಳು ಮಗಳನ್ನು ಶಾಲೆ ಬಿಡಿಸಿದ ಸುದ್ದಿ. "ಪೆದ್ದಮ್ಮಾ, ದೊಡ್ಡಮ್ಮಾ ಅಂತ ಮಾತಾಡಿಸ್ದೆ ಸಾರ್, ಎಲ್ಲಾ ಹೇಳಿದ್ರು" ಎಂದು ಹಿಗ್ಗಿದಳು.

"ಬರೀತೀನಂತ ಹೇಳಿದ್ದೇನು?"

"ಇಲ್ಲ ಸಾರ್."

"ಮೊದ್ಲು ಹೋಗಿ ಆಕಿಗೆ ಓದಿ ಹೇಳು."

"ಬ್ಯಾಡ ಅಂದ್ರೆ ಸಾರ್? ಆ ಹುಡುಗಿ ಗತಿ?"

ಪುಸ್ತಕದ ಉತ್ತರ ನಾಲಿಗೆ ತುದಿಯವರೆಗೂ ಬಂತು, ನುಂಗಿಕೊಂಡೆ.

"ನನಗೂ ಗೊತ್ತಿಲ್ಲವ್ವ" ಎಂದು ಎದ್ದು ಚಪ್ಪಲಿ ಮೆಟ್ಟಿದೆ. "ನಡಿ, ನಾನೂ ಬರ್ತೀನಿ. ಬೈದ್ರೆ ಇಬ್ರೂ ಬೈಸ್ಕೊಳ್ಳಾಣ."